ಖಾಕಿ ತೊಟ್ಟವರ ಅಹವಾಲಿಗೆ ಕಿವಿಗೊಡುವವರು ಯಾರು?

ಮುಂಬಯಿ: ಗಣೇಶೋತ್ಸವ, ನವರಾತ್ರಿ ಬಂತೆಂದರೆ ಮಹಾನಗರದ ಕನ್ನಡ ಸಂಘಗಳ ಪದಾಧಿಕಾರಿಗಳು ಅರ್ಜಿ ಹಿಡಿದು ಪೊಲೀಸ್ ಠಾಣೆಗೂ ಅಗ್ನಿಶಾಮಕ ದಳದ ಕಚೇರಿಗೂ ನಡೆಯುವುದು ವಾಡಿಕೆ. ಹಬ್ಬದ ದಿನ ಈ ಎರಡೂ ಕಡೆಯವರಿಗೆ ರಜೆಯಿಲ್ಲ. ಆದರೆ ಸಂಬಳ, ಕೆಲಸದ ಅವಧಿಯ ತಕರಾರು ಎದ್ದರೆ ಇವರ ದಾರಿಗಳು ಬೇರೆ ಬೇರೆ.

ನಗರದ ಅಗ್ನಿಶಾಮಕ ಸಿಬಂದಿ ಮಹಾನಗರಪಾಲಿಕೆಯ ನೌಕರರು. ನಾಗಪುರ ನಗರಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1960ರಲ್ಲೇ ಅಗ್ನಿಶಾಮಕ ವಿಭಾಗವನ್ನು ‘ಉದ್ಯಮ’ವೆಂದು ಪರಿಗಣಿಸಿ, ಅಲ್ಲಿನ ವಿವಾದಗಳಿಗೆ ಕಾರ್ಮಿಕ ಕಾನೂನಿನ ಬಾಗಿಲು ತೆರೆದಿತ್ತು. ಪೊಲೀಸರಿಗೆ ಆ ಬಾಗಿಲಿಲ್ಲ. ಸಂವಿಧಾನದ 33ನೇ ವಿಧಿ ಅವರ ಮೂಲಭೂತ ಹಕ್ಕುಗಳನ್ನು ಮಿತಿಗೊಳಿಸಲು ಸಂಸತ್ತಿಗೆ ಅಧಿಕಾರ ಕೊಟ್ಟಿದೆ. 1966ರ ಕಾಯಿದೆಯಂತೆ ಅನುಮತಿಯಿಲ್ಲದೆ ಕಾರ್ಮಿಕ ಸಂಘಟನೆ ಸೇರಿದ ಪೊಲೀಸನಿಗೆ 2 ವರ್ಷಗಳವರೆಗೆ ಸಜೆಯಾಗಬಹುದು. ವರ್ಗಾವಣೆ, ಬಡ್ತಿಯ ದೂರನ್ನು ಒಬ್ಬೊಬ್ಬರಾಗಿ ಆಡಳಿತ ನ್ಯಾಯಮಂಡಳಿಗೆ ಒಯ್ಯಬಹುದು, ಒಟ್ಟಾಗಿ ಕೇಳುವಂತಿಲ್ಲ.

ಒಟ್ಟಾಗಿ ಕೇಳಿದ್ದರ ಪರಿಣಾಮವನ್ನು ಹಳೆಯ ಮುಂಬಯಿಗರು ಕಣ್ಣಾರೆ ಕಂಡಿದ್ದಾರೆ. ಗಿರಣಿ ಮುಷ್ಕರದ ಅದೇ 1982ರಲ್ಲಿ, ಸ್ವಾತಂತ್ರ್ಯ ದಿನದಂದು ಪೊಲೀಸರು ಕಪ್ಪುಪಟ್ಟಿ ಧರಿಸಿದರು. ಆಗಸ್ಟ್ 18ರಂದು ಸರಕಾರ ಅವರ ಸಂಘಟನೆಯ ಮಾನ್ಯತೆ ರದ್ದುಪಡಿಸಿ ಮುಖಂಡರನ್ನು ಬಂಧಿಸಿತು. ಕಾನ್‌ಸ್ಟೇಬಲ್‌ಗಳು ಬೀದಿಗಿಳಿದರು, ರೈಲುಗಳು ನಿಂತವು, ಗಲಭೆಯಾಯಿತು, ಕೊನೆಗೆ ಸೇನೆ ಬಂತು. ಹಲವರು ನೌಕರಿ ಕಳೆದುಕೊಂಡರು. ಕಾವಲುಗಾರರೇ ದಂಗೆಯೆದ್ದರೆ ಜನಸಾಮಾನ್ಯರ ಗತಿಯೇನು ಎಂಬ ಸರಕಾರದ ಭಯ ಸುಳ್ಳೇನಲ್ಲ. ಆದರೆ ಸಂಘಟನೆಯನ್ನು ಮುಚ್ಚಿದ ಮಾತ್ರಕ್ಕೆ 12 ಗಂಟೆಯ ದುಡಿಮೆ ಕಡಿಮೆಯಾಗಲಿಲ್ಲ.

ಊರಿನ ಕಥೆಯೂ ಭಿನ್ನವಲ್ಲ. 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕಲು ಕರ್ನಾಟಕದ ಪೊಲೀಸರಿಗೆ ಕರೆ ಬಂದಾಗ ಸರಕಾರ ಎಸ್ಮಾ ಅಸ್ತ್ರ ಹಿಡಿಯಿತು, ಮುಷ್ಕರ ನಡೆಯಲಿಲ್ಲ. ಆ ಬಳಿಕವೇ ವೇತನ ಪರಿಶೀಲನೆಗೆ ರಾಘವೇಂದ್ರ ಔರಾದಕರ್ ಸಮಿತಿ ಬಂತು. ವರದಿ ಭಾಗಶಃ ಜಾರಿಯಾಗಲು 2019 ಬರಬೇಕಾಯಿತು. ಬೆದರಿಕೆ ಹಾಕದೆ ಸಮಿತಿ ಇಲ್ಲ, ಬೆದರಿಕೆ ಹಾಕಿದರೆ ಜೈಲು ಎಂಬ ಪರಿಸ್ಥಿತಿ ಸರಿಯೇ?

ಅದೇ 2016ರ ಮೇ ತಿಂಗಳಲ್ಲಿ ಮುಂಬಯಿಯ ದೇವನಾರ್ ಠಾಣೆಯಲ್ಲಿ ಸದ್ದಿಲ್ಲದೆ ಬೇರೊಂದು ಪ್ರಯತ್ನ ನಡೆದಿತ್ತು. ಅಲ್ಲಿನ ಒಬ್ಬ ಸಾಮಾನ್ಯ ಕಾನ್‌ಸ್ಟೇಬಲ್, ಇರುವ ಸಿಬಂದಿಯಲ್ಲೇ 8 ಗಂಟೆಯ ಮೂರು ಪಾಳಿ ಸಾಧ್ಯವೆಂದು ಲೆಕ್ಕ ಹಾಕಿ ತೋರಿಸಿದರು. ಅಂದಿನ ಆಯುಕ್ತ ದತ್ತಾತ್ರೇಯ ಪಡಸಲಗೀಕರ್ ಕಿವಿಗೊಟ್ಟರು. 2018ರ ಹೊತ್ತಿಗೆ ಪದ್ಧತಿ ನಗರದ ಇತರ ಠಾಣೆಗಳಿಗೂ ಹಬ್ಬಿತು. ಮನೆಮಂದಿಯ ಜತೆ ಊಟ, ಮಕ್ಕಳ ಶಾಲೆಯ ಸಭೆ ಇವೆಲ್ಲ ಪೊಲೀಸರಿಗೂ ದಕ್ಕಿದವು.

ಆದರೆ ಅದು ಆಯುಕ್ತರ ಮನಸ್ಸಿನಿಂದ ಬಂದ ಸವಲತ್ತು, ಒಪ್ಪಂದದಿಂದ ಬಂದ ಹಕ್ಕಲ್ಲ. 2022ರ ಜನವರಿಯಲ್ಲಿ ಮಹಿಳಾ ಪೊಲೀಸರಿಗೆ 8 ಗಂಟೆಯ ಪಾಳಿಯನ್ನು ಮತ್ತೆ ‘ಪ್ರಾಯೋಗಿಕ’ವೆಂದೇ ಘೋಷಿಸಬೇಕಾಯಿತು.