ಎತ್ತರಕ್ಕೆ ತಕ್ಕ ತೂಕ ಎಷ್ಟು? ಮಷೀನಿಗಿಂತ ಮೊದಲು ಒಂದು ದಾರ ತಗೊಳ್ಳಿ

ವಿಜಯಪುರದಲ್ಲಿ ಜುಮಾ ನಮಾಜ್ ಮುಗಿಸಿ ಬರುವಾಗ ಮೆಡಿಕಲ್ ಶಾಪ್ ಮುಂದಿನ ತೂಕದ ಮಷೀನ್ ಮೇಲೆ ನಾಲ್ಕೈದು ಜನ ಹತ್ತಿ ಇಳಿಯುವುದು ಇದ್ದದ್ದೇ. "ಎಪ್ಪತ್ನಾಕು ಅದ ಹಜರತ್, ಹೆಚ್ಚಾತೇನು?" ಅಂತ ಕೇಳುತ್ತಾರೆ. ನಮ್ಮ ಕರಾವಳಿಯಲ್ಲಿ ಉಸ್ತಾದ್ ಅನ್ನುವವರಿಗೆ ಇಲ್ಲಿ ಹಜರತ್ ಅಂತಾರೆ, ಪ್ರಶ್ನೆ ಮಾತ್ರ ಎರಡೂ ಕಡೆ ಒಂದೇ. ಮಷೀನ್ ಕಿಲೋ ಹೇಳುತ್ತದೆ, ಎತ್ತರ ಕೇಳುವುದಿಲ್ಲ. 74 ಕಿಲೋ ಆರಡಿ ಆಳಿಗೆ ಸರಿಯಾದ ತೂಕ. ಐದಡಿ ನಾಲ್ಕಿಂಚು ಇರುವವರಿಗೆ ಅದು ತುಂಬಾ ಜಾಸ್ತಿ.

ಲೆಕ್ಕ ಕಷ್ಟದ್ದೇನಲ್ಲ. ತೂಕವನ್ನು ಕಿಲೋದಲ್ಲಿ, ಎತ್ತರವನ್ನು ಮೀಟರ್‌ನಲ್ಲಿ ಇಟ್ಟುಕೊಂಡು, ತೂಕವನ್ನು ಎತ್ತರದಿಂದ ಎರಡು ಸಲ ಭಾಗಿಸಬೇಕು. ಐದಡಿ ಐದಿಂಚು ಅಂದ್ರೆ 1.65 ಮೀಟರ್. ತೂಕ 66 ಕಿಲೋ ಇದ್ದರೆ ಮೊದಲ ಸಲ 40 ಬರುತ್ತದೆ, ಎರಡನೇ ಸಲ 24.2. ಇದನ್ನೇ ಡಾಕ್ಟರುಗಳು ಬಿಎಂಐ ಅನ್ನುವುದು. ಗೋಡೆಗೆ ಅಂಟಿಸಿದ ಚಾರ್ಟ್ ನೋಡಿದರೆ 18.5ರಿಂದ 25ರ ಒಳಗೆ ಇದ್ದವರು 'ನಾರ್ಮಲ್'. ಆ ಲೆಕ್ಕದಲ್ಲಿ ಈ ಮನುಷ್ಯ ಪಾಸ್.

ನಮ್ಮವರು ಮೋಸ ಹೋಗುವುದು ಇಲ್ಲೇ. ಈ ಸೂತ್ರ ಕೊಟ್ಟವರು ಬೆಲ್ಜಿಯಂ ದೇಶದ ಕೆಟ್ಲೆ, 1832ರಲ್ಲಿ. ಅವರು ವೈದ್ಯರಲ್ಲ, ಗಣಿತ ಮತ್ತು ಖಗೋಳ ಓದಿದವರು. ಅಳತೆ ಮಾಡಿದ್ದು ಯುರೋಪಿನ ದೇಹಗಳನ್ನು. ನಮ್ಮ ದೇಹದ ಕಟ್ಟು ಬೇರೆ. ಇದನ್ನು ಚೆನ್ನಾಗಿ ತೋರಿಸಿಕೊಟ್ಟವರು ಪುಣೆಯ ಡಾ. ಯಾಜ್ಞಿಕ್. 2004ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅವರು ಮತ್ತು ಲಂಡನ್ನಿನ ಡಾ. ಯಡ್ಕಿನ್ ತಮ್ಮದೇ ಫೋಟೋ ಹಾಕಿದರು. ಇಬ್ಬರ ಬಿಎಂಐ ಒಂದೇ, 22ರ ಆಸುಪಾಸು. ಆದರೆ ಯಡ್ಕಿನ್ ಅವರ ಮೈಯಲ್ಲಿ ಕೊಬ್ಬು ನೂರಕ್ಕೆ 9ರಷ್ಟು, ಯಾಜ್ಞಿಕ್ ಅವರಲ್ಲಿ 21ರಷ್ಟು! ನೋಡಲು ತೆಳ್ಳಗೆ, ಒಳಗೆ ಕೊಬ್ಬು. ಅದೂ ಹೊಟ್ಟೆಯ ಸುತ್ತ. "ನಾ ದಪ್ಪ ಇಲ್ರೀ, ನನಗ್ಯಾಕ ಶುಗರ್ ಬಂತು?" ಅನ್ನುವವರಿಗೆ ಉತ್ತರ ಬಹುಪಾಲು ಇದರಲ್ಲಿದೆ.

ಅದಕ್ಕೇ ನಮ್ಮ ದೇಶದ ತಜ್ಞರು 2009ರಲ್ಲಿ ಗೆರೆಯನ್ನು ಕೆಳಗಿಳಿಸಿದರು. ಭಾರತೀಯರಿಗೆ 23 ಮುಟ್ಟಿದರೆ ಹೆಚ್ಚು ತೂಕ, 25 ಮುಟ್ಟಿದರೆ ಬೊಜ್ಜು. ಅಂದ್ರೆ ಐದಡಿ ಇರುವವರು 43ರಿಂದ 53 ಕಿಲೋ, ಐದಡಿ ಎರಡಿಂಚಿನವರು 46ರಿಂದ 57, ಐದಡಿ ಐದಿಂಚಿನವರು 51ರಿಂದ 62, ಐದಡಿ ಎಂಟಿಂಚಿನವರು 55ರಿಂದ 68 ಕಿಲೋದೊಳಗೆ ಇದ್ದರೆ ಒಳ್ಳೆಯದು. ಮೇಲಿನ 66 ಕಿಲೋ ಮನುಷ್ಯ ಇಲ್ಲಿ ಫೇಲ್. 'ಸೆಂಟಿಮೀಟರ್‌ನಲ್ಲಿ ನೂರು ಕಳೆದರೆ ಬರುವುದೇ ತೂಕ' ಎಂಬ ಹಳೆಯ ಲೆಕ್ಕವೂ ಉಂಟಲ್ಲ, ಕುಳ್ಳಗಿನವರಿಗೆ ಅದು ಹೇಗೋ ನಡೆಯುತ್ತದೆ. ಎತ್ತರದವರಿಗೆ ನಾಲ್ಕೈದು ಕಿಲೋ ಪುಕ್ಕಟೆ ಕೊಡುತ್ತದೆ.

ಇಷ್ಟಾದರೂ ಬಿಎಂಐ ಒಂದನ್ನೇ ನಂಬಿ ಕೂರಬಾರದು. ಎಪಿಎಂಸಿಯಲ್ಲಿ ಮೂಟೆ ಹೊರುವ ಹಮಾಲರ ತೂಕದಲ್ಲಿ ಮಾಂಸಖಂಡದ ಪಾಲು ದೊಡ್ಡದು. ಗಲ್ಲಾ ಪೆಟ್ಟಿಗೆಯ ಹಿಂದೆ ಬೆಳಿಗ್ಗೆಯಿಂದ ರಾತ್ರಿವರೆಗೆ ಕೂರುವ ನಮ್ಮ ಬೇಕರಿ, ಹೋಟೆಲಿನವರದ್ದು ಹಾಗಲ್ಲ. ಇಬ್ಬರಿಗೂ ಅಂಕಿ ಒಂದೇ ಬರಬಹುದು.

ಇದಕ್ಕೆ ದಾರ ಬೇಕು. ನಿಮ್ಮ ಎತ್ತರದಷ್ಟು ಉದ್ದದ ದಾರ ಕತ್ತರಿಸಿ, ಎರಡು ಮಡಿಕೆ ಮಾಡಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ನಡುವೆ, ಉಸಿರು ಬಿಟ್ಟ ಮೇಲೆ, ಹೊಟ್ಟೆ ಒಳಗೆ ಎಳೆಯದೆ ಸುತ್ತಿ ನೋಡಿ. ಎರಡು ತುದಿ ಕೂಡದಿದ್ದರೆ ಮಷೀನ್ ಏನೇ ಹೇಳಲಿ, ಹೊಟ್ಟೆ ಜಾಸ್ತಿಯಾಗಿದೆ. ಬ್ರಿಟನ್ನಿನ ಆರೋಗ್ಯ ಸಂಸ್ಥೆ ನೈಸ್ 2022ರಲ್ಲಿ ಹೇಳಿದ್ದೂ ಇದನ್ನೇ, ಸೊಂಟ ಎತ್ತರದ ಅರ್ಧದೊಳಗೆ ಇರಬೇಕು ಅಂತ. ಟೇಪ್ ಇದ್ದರೆ ನಮ್ಮವರಿಗೆ ಇನ್ನೊಂದು ಮಿತಿ ಇದೆ: ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್.

ದಾರದ ವಿಷಯ ಇಷ್ಟು ಒತ್ತಿ ಬರೆಯುವುದು ನಮ್ಮ ಹೆಂಗಸರಿಗಾಗಿ. ತಾಯಿ ಕಾರ್ಡ್‌ನಲ್ಲಿ ಬರೆದ ತೂಕವೇ ಎಷ್ಟೋ ಜನರ ಕೊನೆಯ ತೂಕ. ಅದಾಗಿ ಹತ್ತು ವರ್ಷ ಕಳೆದಿರುತ್ತದೆ. ಅಂಗಡಿ ಮುಂದೆ ಬುರ್ಖಾದಲ್ಲಿ ಮಷೀನ್ ಹತ್ತಲು ಸಂಕೋಚ ಪಡುತ್ತಾರೆ. ಒಳಮನೆಯಲ್ಲಿ ಬಾಗಿಲು ಹಾಕಿಕೊಂಡು ದಾರ ಸುತ್ತಲು ಯಾರ ಹಂಗೂ ಇಲ್ಲ. ಬಸುರಿಯರಿಗೆ ಮಾತ್ರ ಈ ಲೆಕ್ಕ ಯಾವುದೂ ಅನ್ವಯಿಸುವುದಿಲ್ಲ.

ಕೆಳಗಿನ ಗೆರೆಯನ್ನೂ ಮರೆಯಬಾರದು. ತಿಕೋಟಾ ಕಡೆ ದ್ರಾಕ್ಷಿ ತೋಟಕ್ಕೆ, ಬಬಲೇಶ್ವರದ ಹೊಲಗಳಿಗೆ ಕೂಲಿಗೆ ಹೋಗುವವರಲ್ಲಿ, ಮದುವೆ ಗೊತ್ತಾದ ಕೂಡಲೇ ಊಟ ಬಿಡುವ ಹುಡುಗಿಯರಲ್ಲಿ 18.5ಕ್ಕಿಂತ ಕೆಳಗಿರುವುದೂ ಉಂಟು. ಐದಡಿಯ ಹುಡುಗಿ 40 ಕಿಲೋ ಇದ್ದರೆ ಅದು ಚಂದವಲ್ಲ, ರಕ್ತಹೀನತೆ ಇದೆಯಾ ಅಂತ ಪರೀಕ್ಷೆ ಮಾಡಿಸಬೇಕು. ಮದ್ರಸಕ್ಕೆ ಬರುವ ಮಕ್ಕಳಿಗೆ ದೊಡ್ಡವರ ಚಾರ್ಟ್ ಹಾಕಬೇಡಿ. ಅವರದ್ದು ವಯಸ್ಸಿನ ಪ್ರಕಾರ ಬೇರೆಯೇ ಇದೆ.

ಊಟದ ಬಗ್ಗೆ ಉಪದೇಶ ಬೇಡ, ಹೊಟ್ಟೆಯ ಮೂರು ಪಾಲಿನ ಹದೀಸ್ ನಮ್ಮ ಎಲ್ಲರಿಗೂ ಬಾಯಿಪಾಠ. ಒಂದು ಮಾತು ಮಾತ್ರ. 'ಜೋಳದ ರೊಟ್ಟಿಗೆ ಮೈ ಬರುವುದಿಲ್ಲ' ಅಂತ ಇಲ್ಲಿ ನಂಬಿಕೆ. ಅಕ್ಕಿಗಿಂತ ನಾರು ಹೆಚ್ಚು, ನಿಜ. ಆದರೆ ಐದು ರೊಟ್ಟಿ ಐದು ರೊಟ್ಟಿಯೇ. ತಿಕೋಟಾದ ಒಣದ್ರಾಕ್ಷಿಯೂ ಹಾಗೆಯೇ, 100 ಗ್ರಾಂಗೆ ಸುಮಾರು 300 ಕ್ಯಾಲೊರಿ.

ಚಾರ್ಟ್ ಹೇಳಿದ ತೂಕಕ್ಕೇ ಇಳಿಯಬೇಕು ಅಂತ ಹೆದರಿ ಕೈಚೆಲ್ಲುವುದೂ ಬೇಡ. 80 ಕಿಲೋ ಇರುವವರು ನಾಲ್ಕೈದು ಕಿಲೋ ಇಳಿಸಿದರೂ ಶುಗರ್, ಬಿಪಿ ಮೇಲೆ ಒಳ್ಳೆಯ ಪರಿಣಾಮ ಇದೆ. ನಡೆಯಲು ನಾಚುವ ಹೆಂಗಸರು ಅಬೂದಾವೂದ್‌ನಲ್ಲಿ ಬರುವ ಬೀವಿ ಆಯಿಷಾ (ರ.ಅ) ಅವರ ಓಟದ ವರದಿಯನ್ನು ನೆನಪಿಸಿಕೊಳ್ಳಲಿ. ಪ್ರವಾದಿಯವರ (ಸ.ಅ) ಜೊತೆ ಓಡಿ ಮೊದಲು ಗೆದ್ದರು. ಮುಂದೆ ಮೈ ತುಂಬಿದ ಮೇಲೆ ಓಡಿ ಸೋತರು. ಮೈ ಬಂದದ್ದನ್ನು ಅವರೇ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ, ಮೈ ಬಂತೆಂದು ಓಟವನ್ನೂ ಬಿಟ್ಟಿರಲಿಲ್ಲ.

ದಾರ ಕೂಡದವರು, ಅದರಲ್ಲೂ ಮನೆಯಲ್ಲಿ ಶುಗರ್ ಇರುವವರು, ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ. 30 ವರ್ಷ ದಾಟಿದವರಿಗೆ ಬಿಪಿ, ಶುಗರ್ ತಪಾಸಣೆ ಅಲ್ಲಿ ಉಚಿತ. ಮನೆಗೆ ಬರುವ ಆಶಾ ಕಾರ್ಯಕರ್ತೆಯ ಫಾರ್ಮ್‌ನಲ್ಲೂ ಸೊಂಟದ ಅಳತೆಗೆ ಒಂದು ಕಾಲಂ ಇದೆ. ಅವರು ಟೇಪ್ ತೆಗೆದಾಗ ಬೇಡ ಅನ್ನಬೇಡಿ.