ನಾಣ್ಯದ ಇಸವಿ ಕೆಳಗಿನ ಚುಕ್ಕೆ, ನಕ್ಷತ್ರ ಏನು ಹೇಳುತ್ತೆ? ಲಕ್ಷದ ಆಸೆಗೆ ಬೀಳೋ ಮುನ್ನ ಓದಿ

‘ಈ ಗುರುತಿನ ನಾಣ್ಯ ಇದ್ರೆ ಲಕ್ಷ ರೂಪಾಯಿ ಕೊಡ್ತೀವಿ’ ಅನ್ನೋ ಜಾಹೀರಾತುಗಳು ಮೊಬೈಲ್‌ನಲ್ಲಿ ಓಡಾಡುತ್ತಲೇ ಇರುತ್ತವೆ. ಗಲ್ಲಾಪೆಟ್ಟಿಗೆ ತಡಕುವ ಮುನ್ನ ಆ ಗುರುತು ಏನೆಂದು ತಿಳಿದಿರಲಿ.

ನಾಣ್ಯ ಯಾವ ಊರಿನ ಟಂಕಸಾಲೆಯಲ್ಲಿ ತಯಾರಾಯ್ತು ಅಂತ ಹೇಳುವ ಗುರುತು ಅದು, ಅಷ್ಟೇ. ದೇಶದಲ್ಲಿ ನಾಲ್ಕು ಸರ್ಕಾರಿ ಟಂಕಸಾಲೆಗಳಿವೆ. ಸಾಮಾನ್ಯವಾಗಿ ಇಸವಿಯ ಕೆಳಗೆ ನೋಡಿದರೆ ಗುರುತು ಕಾಣುತ್ತದೆ.

* ಮುಂಬೈ: ಡೈಮಂಡ್ ಆಕಾರ. ಕೆಲವು ನಾಣ್ಯಗಳಲ್ಲಿ ಇಂಗ್ಲಿಷ್‌ನ ‘ಬಿ’ ಅಥವಾ ‘ಎಂ’ ಅಕ್ಷರ
* ಹೈದರಾಬಾದ್: ಐದು ಮೂಲೆಯ ನಕ್ಷತ್ರ
* ನೋಯ್ಡಾ: ದುಂಡನೆಯ ಚುಕ್ಕೆ
* ಕೋಲ್ಕತ್ತಾ: ಯಾವ ಗುರುತೂ ಇರಲ್ಲ

ಹಾಗಾಗಿ ಗುರುತಿಲ್ಲ ಅನ್ನೋ ಒಂದೇ ಕಾರಣಕ್ಕೆ ನಾಣ್ಯ ನಕಲಿ ಆಗಲ್ಲ. 10 ರೂಪಾಯಿ ನಾಣ್ಯವನ್ನೂ ಡಿಸೈನ್ ಬೇರೆ ಇದೆ ಅಂತ ವಾಪಸ್ ಕೊಡಬೇಕಿಲ್ಲ. 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಸ್ಪಷ್ಟಪಡಿಸಿದೆ.

ಸಂಗ್ರಹಕಾರರು ಬೆಲೆ ಕಟ್ಟುವುದು ಆ ಇಸವಿಯಲ್ಲಿ ಆ ಟಂಕಸಾಲೆಯಿಂದ ಎಷ್ಟು ನಾಣ್ಯ ಬಂದಿದೆ, ಎಷ್ಟು ಸವೆದಿದೆ ಎಂಬುದನ್ನು ನೋಡಿ. ದಿನಾ ಕೈಗೆ ಬರುವ ನಾಣ್ಯಕ್ಕೆ ನಕ್ಷತ್ರ ಇದ್ದರೂ ಅದರ ಮುಖಬೆಲೆಯೇ ಬೆಲೆ. ಹುಣಸೆಹಣ್ಣು ಹಾಕಿ ಉಜ್ಜಿದರೆ ಅಪರೂಪದ ನಾಣ್ಯದ ಬೆಲೆಯೂ ಇಳಿಯುತ್ತದೆ.

ರಿಸರ್ವ್ ಬ್ಯಾಂಕ್ ಹಳೆ ನಾಣ್ಯಗಳ ಇಂಥ ವ್ಯಾಪಾರ ಮಾಡಲ್ಲ, ಕಮಿಷನ್ ಕೇಳಲ್ಲ ಎಂದು 2021ರಲ್ಲಿ ಎಚ್ಚರಿಸಿದೆ. ಮೊದಲು ಶುಲ್ಕ ಕಟ್ಟಿ ಅಂದರೆ ಫೋನ್ ಇಟ್ಟುಬಿಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.