ವಿಸ್ಕಿಯ ಸ್ಥಾನದಲ್ಲಿ ರಮ್: ಒಂದು ಲೋಟದೊಳಗಿನ ಕಾಕಂಬಿಯ ಚರಿತ್ರೆ

ಅಮೆರಿಕದ ಹಳೆಯ ಮಿಶ್ರಮದ್ಯಗಳಲ್ಲಿ ‘ಓಲ್ಡ್ ಫ್ಯಾಶನ್ಡ್’ ಪ್ರಸಿದ್ಧವಾದುದು. ವಿಸ್ಕಿ, ಸಕ್ಕರೆ, ಕೆಲವು ಹನಿ ನೀರು ಮತ್ತು ‘ಬಿಟರ್ಸ್’ ಎಂಬ ಕಹಿ ಅರ್ಕ, ಇವಿಷ್ಟೇ ಅದರ ಸಾಮಗ್ರಿ. ಹಣ್ಣಿನ ರಸವಾಗಲಿ ಸೋಡಾ ಆಗಲಿ ಇಲ್ಲದ ಕಾರಣ ಮದ್ಯದ ರುಚಿಯೇ ಅಲ್ಲಿ ಪ್ರಧಾನ. ಈಗ ಅನೇಕ ಕಡೆ ವಿಸ್ಕಿಯ ಬದಲು ರಮ್ ಬಳಸಿ ಅದನ್ನು ಸಿದ್ಧಪಡಿಸುತ್ತಾರೆ. ಹೊಸತೆಂದು ತೋರುವ ಈ ಬದಲಾವಣೆ ವಾಸ್ತವದಲ್ಲಿ ಹಳೆಯದಕ್ಕೆ ಮರಳುವಿಕೆ. ಅದರ ಹಿಂದೆ ಕಬ್ಬಿನ, ದುಡಿಮೆಯ ಮತ್ತು ತೆರಿಗೆಯ ದೀರ್ಘ ಚರಿತ್ರೆಯಿದೆ.

ವ್ಯಾಖ್ಯೆಯಲ್ಲಿ ವಿಸ್ಕಿ ಇರಲಿಲ್ಲ

1806ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಪಟ್ಟಣದ ಪತ್ರಿಕೆಯೊಂದು ಓದುಗನ ಪ್ರಶ್ನೆಗೆ ಉತ್ತರವಾಗಿ ‘ಕಾಕ್‌ಟೇಲ್’ ಪದವನ್ನು ವಿವರಿಸಿತು. ಯಾವುದೇ ಬಗೆಯ ಮದ್ಯ, ಸಕ್ಕರೆ, ನೀರು ಮತ್ತು ಬಿಟರ್ಸ್ ಸೇರಿದುದೇ ಕಾಕ್‌ಟೇಲ್ ಎಂಬುದು ಅದರ ಸಾರಾಂಶ. ಮದ್ಯ ವಿಸ್ಕಿಯೇ ಆಗಿರಬೇಕೆಂಬ ನಿರ್ಬಂಧ ಅಲ್ಲಿರಲಿಲ್ಲ. ಆ ಶತಮಾನದ ಕೊನೆಯ ಭಾಗದಲ್ಲಿ ಮದ್ಯಗೃಹಗಳು ಬಗೆಬಗೆಯ ಸಾಮಗ್ರಿಗಳನ್ನು ಬೆರೆಸತೊಡಗಿದಾಗ, ‘ಹಳೆಯ ರೀತಿಯದನ್ನೇ ಕೊಡಿ’ ಎಂದು ಕೇಳುವವರಿಂದ ‘ಓಲ್ಡ್ ಫ್ಯಾಶನ್ಡ್’ ಎಂಬ ಹೆಸರು ರೂಢಿಗೆ ಬಂದಿತು. ಅಷ್ಟರಲ್ಲಿ ವಿಸ್ಕಿ ಆ ದೇಶದ ಮುಖ್ಯ ಮದ್ಯಗಳಲ್ಲೊಂದಾಗಿತ್ತು.

ಅದಕ್ಕೂ ಮೊದಲು ಆ ಸ್ಥಾನ ರಮ್‌ನದಾಗಿತ್ತು. ಕಬ್ಬಿನ ರಸವನ್ನು ಕುದಿಸಿ ಸಕ್ಕರೆ ತೆಗೆದ ಬಳಿಕ ಉಳಿಯುವ ಕಪ್ಪು ಪಾಕವೇ ಕಾಕಂಬಿ; ಮರಾಠಿಯಲ್ಲಿ ಅದು ‘ಮಳಿ’. ಸಕ್ಕರೆ ಕಾರ್ಖಾನೆಗಳ ಜಿಲ್ಲೆಯಾದ ಸೋಲಾಪುರದ ಕನ್ನಡ ಕುಟುಂಬಗಳಿಗೆ ಅದರ ವಾಸನೆ ಅಪರಿಚಿತವಲ್ಲ. ಕಾಕಂಬಿಯನ್ನು ಹುದುಗಿಸಿ ಭಟ್ಟಿ ಇಳಿಸಿದರೆ ರಮ್ ದೊರೆಯುತ್ತದೆ. ಕೆರಿಬಿಯನ್ ದ್ವೀಪಗಳ ಕಾಕಂಬಿ ಅಮೆರಿಕದ ಈಶಾನ್ಯ ವಸಾಹತುಗಳಿಗೆ ಹೋಗಿ ರಮ್ ಆಗುತ್ತಿತ್ತು. ಆ ರಮ್ ಕೊಟ್ಟು ಪಶ್ಚಿಮ ಆಫ್ರಿಕದಲ್ಲಿ ಮನುಷ್ಯರನ್ನು ಕೊಳ್ಳುತ್ತಿದ್ದರು. ಅವರನ್ನು ಮತ್ತೆ ಕಬ್ಬಿನ ತೋಟಗಳಿಗೆ ಗುಲಾಮರಾಗಿ ಒಯ್ಯುತ್ತಿದ್ದರು.

1733ರಲ್ಲಿ ಬ್ರಿಟನ್ ಪರದೇಶದ ಕಾಕಂಬಿಯ ಮೇಲೆ ಗ್ಯಾಲನ್ನಿಗೆ 6 ಪೆನ್ಸ್ ಸುಂಕ ಹೇರಿತು. 1764ರಲ್ಲಿ ಅದನ್ನು 3 ಪೆನ್ಸಿಗೆ ಇಳಿಸಿದರೂ ವಸೂಲಿಯನ್ನು ಬಿಗಿಗೊಳಿಸಿತು. ವಸಾಹತುಗಳ ಅಸಮಾಧಾನ ಬೆಳೆಯಲು ಇದೂ ಒಂದು ಕಾರಣವಾಯಿತು. ಸ್ವಾತಂತ್ರ್ಯಾನಂತರ ಬ್ರಿಟಿಷ್ ದ್ವೀಪಗಳೊಂದಿಗಿನ ವ್ಯಾಪಾರಕ್ಕೆ ತಡೆ ಬಿದ್ದಿತು. ಒಳನಾಡಿನ ರೈತರು ತಮ್ಮ ಹೊಲದ ಧಾನ್ಯದಿಂದಲೇ ವಿಸ್ಕಿ ಇಳಿಸತೊಡಗಿದರು. ರಮ್‌ನ ಸ್ಥಾನ ವಿಸ್ಕಿಗೆ ದೊರೆತುದು ಹೀಗೆ.

ಲೋಟದಲ್ಲಿರುವ ಬಿಟರ್ಸ್ ಕೂಡ ಕಬ್ಬಿನ ನಾಡಿನದೇ. 1824ರಲ್ಲಿ ಜರ್ಮನ್ ವೈದ್ಯ ಸೀಗರ್ಟ್ ವೆನೆಜುವೆಲಾದಲ್ಲಿ ರೂಪಿಸಿದ ‘ಅಂಗೋಸ್ಟುರಾ’ ಅರ್ಕ ಇಂದು ಟ್ರಿನಿಡಾಡ್ ದ್ವೀಪದಲ್ಲಿ ತಯಾರಾಗುತ್ತದೆ. ಗುಲಾಮಗಿರಿ ರದ್ದಾದ ಮೇಲೆ ಆ ದ್ವೀಪದ ಕಬ್ಬಿನ ತೋಟಗಳಿಗೆ ಕರಾರು ಕೂಲಿಗಳಾಗಿ ಹೋದವರು ಭಾರತೀಯರು. ಅವರ ಮೊದಲ ಹಡಗು ‘ಫತೇಲ್ ರಜಾಕ್’ ಅಲ್ಲಿ ತಲುಪಿದ್ದು 1845ರ ಮೇ 30ರಂದು.

ಪೀಪಾಯಿ ಬೆಸೆದ ನಂಟು

ಧಾನ್ಯದ ವಿಸ್ಕಿಯ ಜಾಗದಲ್ಲಿ ಕಬ್ಬಿನ ರಮ್ ಹೊಂದಿಕೊಳ್ಳುವುದು ಹೇಗೆ? ಉತ್ತರ ಮರದ ಪೀಪಾಯಿಯಲ್ಲಿದೆ. ಅಮೆರಿಕದ ಬರ್ಬನ್ ವಿಸ್ಕಿಯನ್ನು ಒಳಗೋಡೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿಯೇ ಇಡಬೇಕೆಂಬುದು ನಿಯಮ. ಒಮ್ಮೆ ಬಳಸಿದ ಪೀಪಾಯಿ ಮತ್ತೆ ಬರ್ಬನ್‌ಗೆ ಸಲ್ಲದು; ಅನೇಕ ಪೀಪಾಯಿಗಳು ರಮ್ ತಯಾರಕರ ಕೈಸೇರುತ್ತವೆ. ಮರವನ್ನು ಸುಡುವಾಗ ಅದರ ಲಿಗ್ನಿನ್ ಒಡೆದು ವೆನಿಲಿನ್ ಎಂಬ ಪರಿಮಳ ಉಂಟಾಗುತ್ತದೆ. ಬಣ್ಣ, ತುಸು ಒಗರು ಕೂಡ ಮರದ ಕೊಡುಗೆಯೇ. ಆದುದರಿಂದ ಪೀಪಾಯಿಯಲ್ಲಿ ಮಾಗಿದ ರಮ್ ವಿಸ್ಕಿಗೆ ಸಮೀಪದ ಬಂಧು. ಮಾಗದ ಬಿಳಿ ರಮ್ ಹಾಗಲ್ಲ.

ಭಟ್ಟಿ ಇಳಿಸುವಾಗ ಸಕ್ಕರೆ ಮೇಲೇರದೆ ಕೆಳಗೇ ಉಳಿಯುತ್ತದೆ. ಆದ್ದರಿಂದ ರಮ್ ಸ್ವಭಾವತಃ ಸಿಹಿಯಲ್ಲ. ಆದರೆ ಕೆಲವು ತಯಾರಕರು ಅನಂತರ ಸಿಹಿ ಬೆರೆಸುತ್ತಾರೆ. ಪರಿಮಳವೂ ಬೆಲ್ಲವನ್ನು ನೆನಪಿಸುತ್ತದೆ. ಹೀಗಾಗಿ ರಮ್ ಬಳಸಿದಾಗ ಸಕ್ಕರೆಯನ್ನು ತಗ್ಗಿಸುವುದು ವಾಡಿಕೆ. ರುಚಿ ಮೃದುವಾದರೂ ಮದ್ಯಸಾರ ತಗ್ಗುವುದಿಲ್ಲವೆಂಬುದನ್ನು ಮರೆಯಬಾರದು: ಶೇಕಡಾ 42.8 ಪ್ರಮಾಣದ 45 ಮಿಲಿಲೀಟರ್ ರಮ್‌ನಲ್ಲಿ ಸುಮಾರು 15 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. ಸಕ್ಕರೆ ಖಾರವನ್ನು ಮರೆಮಾಡುತ್ತದೆಯೇ ಹೊರತು ಪರಿಣಾಮವನ್ನಲ್ಲ.

ಹೆಸರು ಒಂದು, ಮೂಲ ಇನ್ನೊಂದು

ನಮ್ಮ ದೇಶದಲ್ಲಿ ಈ ಬದಲಾವಣೆಗೆ ಬೇರೊಂದು ಅರ್ಥವಿದೆ. ಐರೋಪ್ಯ ಒಕ್ಕೂಟದಲ್ಲಿ ವಿಸ್ಕಿ ಎನಿಸಿಕೊಳ್ಳಲು ಧಾನ್ಯದಿಂದಲೇ ತಯಾರಾಗಿ, ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಮಾಗಬೇಕು. ಭಾರತದಲ್ಲಾದರೋ ವಿಸ್ಕಿ ಎಂಬ ಹೆಸರಿನ ಅಗ್ಗದ ಮದ್ಯಗಳನೇಕದಲ್ಲಿ ಬಹುಕಾಲದಿಂದ ಕಾಕಂಬಿಯ ಮದ್ಯಸಾರವೇ ಇದೆ. ಅಂಥದ್ದರ ಬದಲು ರಮ್ ಹಾಕಿದರೆ ಕಾಕಂಬಿಯ ಜಾಗಕ್ಕೆ ಕಾಕಂಬಿಯೇ ಬಂದಂತಾಯಿತು.

ಮಕ್ಕಳು ಶಾಲೆಯಲ್ಲಿ ಹುದುಗುವಿಕೆಯನ್ನು ವಿಜ್ಞಾನದಲ್ಲಿ, ವಸಾಹತುಗಳ ಕಥೆಯನ್ನು ಸಮಾಜಶಾಸ್ತ್ರದಲ್ಲಿ ಬೇರೆ ಬೇರೆಯಾಗಿ ಓದುತ್ತಾರೆ. ಕಬ್ಬಿನ ಗದ್ದೆಯ ಬದಿಯಲ್ಲಿ ಬೆಳೆದ ಮಗುವಿಗೆ ಅವೆರಡೂ ಸೇರುವ ಬಿಂದು ಕಾಕಂಬಿ. ಚೀಟಿಯ ಮೇಲಿನ ಹೆಸರನ್ನು ಓದಿ ಸುಮ್ಮನಾಗದೆ, ಇದು ಯಾವುದರಿಂದ ಆಯಿತು, ಯಾರ ದುಡಿಮೆಯಿಂದ ಆಯಿತು ಎಂದು ಕೇಳುವ ಅಭ್ಯಾಸ ಆ ಮಗುವಿಗೆ ಬಂದರೆ, ಪಾಠ ಸಾರ್ಥಕ.